ಒರೆಯಲ್ಲಿ 19 ಕ್ಯಾರೆಟ್ ಬಂದ ಮಾತ್ರಕ್ಕೆ ಬಿಷಪ್ಪರ ನಾಣ್ಯ ಖೋಟಾ ಅಲ್ಲ

ಮಾನ್ಯ ಸಂಪಾದಕರೇ,

ಹಳೆಯ ವಿದೇಶಿ ಚಿನ್ನದ ನಾಣ್ಯಗಳು ಕೊಡಗಿನ ಆಭರಣದಂಗಡಿಗಳಿಗೆ ಆಗೊಮ್ಮೆ ಈಗೊಮ್ಮೆ ಬರುತ್ತಿರುತ್ತವೆ. ಒಂದು ಕಡೆ ಸಂತನ ಚಿತ್ರ, ಇನ್ನೊಂದು ಕಡೆ ಶಿಲುಬೆ, ಸುತ್ತ ಓದಲು ಬಾರದ ಲ್ಯಾಟಿನ್ ಅಕ್ಷರ ಇದ್ದರೆ ಸಾಕು, ‘ಚರ್ಚಿನ ನಾಣ್ಯ’ ಎಂಬ ಹೆಸರು ಬಿದ್ದುಬಿಡುತ್ತದೆ. ಮುಂದೆ ಆಗುವುದು ಎರಡರಲ್ಲೊಂದು. ಕೋಟಿ ಬೆಲೆಯ ವಸ್ತು ಎಂದು ಯಾರೋ ಮೊಬೈಲಿನಲ್ಲಿ ಫೋಟೊ ಹರಿಬಿಡುತ್ತಾರೆ. ಇಲ್ಲವೇ ಅಕ್ಕಸಾಲಿಗರು ಒರೆ ಹಚ್ಚಿ, ‘ಹತ್ತೊಂಬತ್ತೂ ಸರಿಯಾಗಿ ಬರ್ತಿಲ್ಲ, ಇದು ಡೂಪ್ಲಿಕೇಟು’ ಎಂದು ಹೇಳಿ ಮೂಸೆಗೆ ಹಾಕುವ ದರ ಕಟ್ಟುತ್ತಾರೆ. ಮೊದಲನೆಯದರಿಂದ ಆಸೆ ಹೆಚ್ಚುತ್ತದೆ ಅಷ್ಟೆ. ಎರಡನೆಯದರಿಂದ ನಾಣ್ಯವೇ ಹೋಗುತ್ತದೆ. ಆದ್ದರಿಂದ ಈ ಪತ್ರ ಮುಖ್ಯವಾಗಿ ಆ ಎರಡನೆಯ ತಪ್ಪಿನ ಬಗ್ಗೆ. ಮಧ್ಯಯುಗದ ಬಿಷಪ್ಪರು ಹೊರಡಿಸಿದ ಚಿನ್ನದ ನಾಣ್ಯಗಳಲ್ಲಿ ಬಹುಪಾಲು ಚೊಕ್ಕ ಚಿನ್ನ ಅಲ್ಲವೇ ಅಲ್ಲ. ಎಷ್ಟು ಬೆರಕೆ ಇರಬೇಕು ಎಂದು ಲಿಖಿತ ಒಪ್ಪಂದ ಮಾಡಿಕೊಂಡೇ ಅವನ್ನು ಅಚ್ಚು ಹಾಕುತ್ತಿದ್ದರು.

ಇವು ನಮ್ಮ ರಾಮಟಂಕದ ಹಾಗೆ ಪೂಜೆಗಿಟ್ಟ ಬಿಲ್ಲೆಗಳಲ್ಲ. ಜರ್ಮನಿಯ ರೈನ್ ನದಿಯ ಉದ್ದಕ್ಕೂ ಮೈಂಟ್ಸ್, ಟ್ರಿಯರ್, ಕೊಲೋನ್ ಎಂಬ ಮೂರು ಪೀಠಗಳ ಆರ್ಚ್‌ಬಿಷಪ್ಪರು ಧರ್ಮಗುರುಗಳೂ ಹೌದು, ದೊರೆಗಳೂ ಹೌದು. ಅವರಿಗೆ ಸ್ವಂತ ನಾಡಿತ್ತು, ಕೋಟೆಗಳಿದ್ದವು, ಸೈನ್ಯವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನದಿಯ ಮೇಲೆ ಸುಂಕದ ಕಟ್ಟೆಗಳಿದ್ದವು. ಪವಿತ್ರ ರೋಮನ್ ಸಾಮ್ರಾಜ್ಯ ಎನ್ನುತ್ತಿದ್ದ ಅಂದಿನ ಜರ್ಮನ್ ಸಾಮ್ರಾಜ್ಯದ ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಈ ಮೂವರೂ ಸೇರಿದ್ದರು. ಚಕ್ರವರ್ತಿ 4ನೇ ಚಾರ್ಲ್ಸ್ 1356ರಲ್ಲಿ ಹೊರಡಿಸಿದ ‘ಗೋಲ್ಡನ್ ಬುಲ್’ ಎಂಬ ಶಾಸನ ಈ ಏಳು ಮಂದಿಗೂ ಚಿನ್ನದ ನಾಣ್ಯ ಹೊಡೆಸುವ ಹಕ್ಕನ್ನು ಖಾಯಂ ಮಾಡಿತು. ಕೆಲವರಿಗೆ ಇದಕ್ಕೂ ಮೊದಲೇ ಬಿಡಿಬಿಡಿಯಾಗಿ ಅನುಮತಿ ಸಿಕ್ಕಿತ್ತು.

ಆಗ ಯುರೋಪಿನಲ್ಲಿ ಎಲ್ಲರೂ ಒಪ್ಪುತ್ತಿದ್ದ ಚಿನ್ನ ಎಂದರೆ ಫ್ಲಾರೆನ್ಸ್ ನಗರ 1252ರಿಂದ ಹೊರಡಿಸುತ್ತಿದ್ದ ಫ್ಲೊರಿನ್. ಸುಮಾರು 3.5 ಗ್ರಾಂ ತೂಕ, ಅಪರಂಜಿ, ಒಂದು ಕಡೆ ಲಿಲಿ ಹೂವು, ಇನ್ನೊಂದು ಕಡೆ ಸಂತ ಸ್ನಾನಿಕ ಯೋಹಾನ. ಬಿಷಪ್ಪರು ಮೊದಮೊದಲು ಮಾಡಿದ್ದು ಅದರ ಪಡಿಯಚ್ಚನ್ನೇ. ಲಿಲಿಯೂ ಅದೇ, ಯೋಹಾನನೂ ಅವನೇ. ಬದಲಾದದ್ದು ಸುತ್ತಲಿನ ಹೆಸರು ಮತ್ತು ಸಂತನ ತಲೆಯ ಪಕ್ಕದ ಪುಟ್ಟ ಗುರುತು ಮಾತ್ರ. ಪೋಪ್ ಕೂಡ ಇದಕ್ಕೆ ಹೊರತಲ್ಲ. ಪೀಠ ಫ್ರಾನ್ಸಿನ ಅವಿನ್ಯೋನ್‌ನಲ್ಲಿದ್ದ ಕಾಲದಲ್ಲಿ 22ನೇ ಜಾನ್ (1316–1334) ಹೊಡೆಸಿದ ಫ್ಲೊರಿನ್‌ನಲ್ಲಿ ಅದೇ ಲಿಲಿ, ಅದೇ ಯೋಹಾನ. ಹಾಗಾಗಿ ಲಿಲಿ ಕಂಡ ಕೂಡಲೇ ‘ಇದು ಫ್ಲಾರೆನ್ಸಿನದು’ ಎಂದು ಹೇಳಿಬಿಡುವುದು ಅವಸರದ ಮಾತು. ಮೊದಲು ಹೆಸರು ಓದಬೇಕು.

ಈಗ ಬೆರಕೆಯ ವಿಷಯ. ರೈನ್ ತೀರದ ಮೂವರು ಆರ್ಚ್‌ಬಿಷಪ್ಪರೂ ನೆರೆಯ ಪ್ಯಾಲಟಿನೇಟ್‌ನ ದೊರೆಯೂ 1385–86ರಲ್ಲಿ ಸೇರಿ ನಾಣ್ಯ ಒಕ್ಕೂಟ ಕಟ್ಟಿಕೊಂಡರು. ಅವರ ಚಿನ್ನದ ನಾಣ್ಯಕ್ಕೆ ರೈನ್ ಗುಲ್ಡನ್ ಎಂದು ಹೆಸರು. ಕಾರಣ ಸರಳ. ಮೇಲಿನಿಂದ ಇಳಿದು ಬರುವ ದೋಣಿ ನಾಲ್ವರ ಕಟ್ಟೆಯಲ್ಲೂ ಸುಂಕ ಕಟ್ಟಬೇಕು. ಒಬ್ಬನ ನಾಣ್ಯವನ್ನು ಇನ್ನೊಬ್ಬನ ಕಟ್ಟೆಯಲ್ಲಿ ಒಪ್ಪದಿದ್ದರೆ ವ್ಯಾಪಾರ ನಿಲ್ಲುತ್ತದೆ, ಸುಂಕವೂ ನಿಲ್ಲುತ್ತದೆ. ಟಂಕಸಾಲೆಗಳು ಹುಟ್ಟಿದ್ದೂ ಬಹುತೇಕ ಸುಂಕದ ಊರುಗಳಲ್ಲೇ ಅಥವಾ ಅವುಗಳ ಆಸುಪಾಸಿನಲ್ಲೇ: ಮೈಂಟ್ಸ್ ಪೀಠಕ್ಕೆ ಹೋಕ್ಸ್ಟ್ ಮತ್ತು ಬಿಂಗೆನ್, ಟ್ರಿಯರ್‌ಗೆ ಕೋಬ್ಲೆಂಟ್ಸ್ ಮತ್ತು ಓಬರ್‌ವೇಸಲ್, ಕೊಲೋನ್‌ಗೆ ಬಾನ್ ಮತ್ತು ರೀಲ್, ಪ್ಯಾಲಟಿನೇಟ್‌ಗೆ ಬಾಖರಾಖ್.

ಒಪ್ಪಂದದ ಲೆಕ್ಕ ಹೀಗೆ ನಡೆಯುತ್ತಿತ್ತು. ಕೊಲೋನ್ ಮಾರ್ಕ್ ಎಂಬ ತೂಕ ಇಂದಿನ ಸುಮಾರು 233.8 ಗ್ರಾಂ. ಒಂದು ಮಾರ್ಕ್ ಬೆರಕೆ ಚಿನ್ನದಿಂದ ಎಷ್ಟು ನಾಣ್ಯ ತೆಗೆಯಬೇಕು, ಆ ಬೆರಕೆ ಎಷ್ಟು ಕ್ಯಾರೆಟ್ ಇರಬೇಕು, ಈ ಎರಡನ್ನು ಬರೆದರೆ ಎಲ್ಲವನ್ನೂ ಬರೆದ ಹಾಗೆ. 1386ರ ಕರಾರು: ಮಾರ್ಕ್‌ಗೆ 66 ನಾಣ್ಯ, 23 ಕ್ಯಾರೆಟ್. ಎಂದರೆ ಒಂದೊಂದೂ 3.54 ಗ್ರಾಂ, ಅದರೊಳಗೆ ಚೊಕ್ಕ ಚಿನ್ನ 3.39 ಗ್ರಾಂ. 1409ರಲ್ಲಿ ಕ್ಯಾರೆಟ್ 22ಕ್ಕೆ ಇಳಿಯಿತು, 1417ರಲ್ಲಿ 20ಕ್ಕೆ. 1420ರ ದಶಕದ ಹೊತ್ತಿಗೆ 19. ಆಗ ನಾಣ್ಯದ ತೂಕ ಹೆಚ್ಚುಕಡಿಮೆ 3.5 ಗ್ರಾಂ ಇದ್ದರೂ ಒಳಗಿನ ಚಿನ್ನ 2.78 ಗ್ರಾಂಗೆ ಬಂದಿತ್ತು. ಶತಮಾನದ ಕೊನೆಗೆ ಹದಿನೆಂಟೂವರೆಯ ಆಸುಪಾಸಿಗೆ ಬಂತು, ತೂಕವೂ 3.3 ಗ್ರಾಂಗಿಂತ ಕೆಳಗಿಳಿಯಿತು. 1559ರಲ್ಲಿ ಸಾಮ್ರಾಜ್ಯದ ನಾಣ್ಯ ಕಾಯ್ದೆ ಬಂದಾಗ ಹದಿನೆಂಟೂವರೆ ಕ್ಯಾರೆಟ್, ಮಾರ್ಕ್‌ಗೆ 72 ಎಂದು ಅದನ್ನೇ ಕಾನೂನು ಮಾಡಿದರು. ಒಳಗಿನ ಚಿನ್ನ ಎರಡೂವರೆ ಗ್ರಾಂ. ಮೊದಲಿದ್ದುದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಚಿನ್ನ ಮಾಯ.

ಇದನ್ನು ‘ಬಿಷಪ್ಪರ ಮೋಸ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಸ್ವಲ್ಪ ಲಾಭದ ಆಸೆ ಇದ್ದಿರಲೂಬಹುದು, ನಾಣ್ಯ ಹೊಡೆಸಿದವನಿಗೆ ಪ್ರತಿ ಮಾರ್ಕ್‌ನಲ್ಲೂ ಒಂದು ಪಾಲು ಉಳಿಯುತ್ತಿತ್ತು. ಆದರೆ ಮುಖ್ಯ ತೊಡಕು ಬೇರೆ. ರೈನ್ ತೀರದ ಈ ಪೀಠಗಳಿಗೆ ಹೇಳಿಕೊಳ್ಳುವಂಥ ಚಿನ್ನದ ಗಣಿ ಇರಲಿಲ್ಲ. ಹೊಸ ಚಿನ್ನ ಬರುತ್ತಿದ್ದದ್ದು ಹೆಚ್ಚಾಗಿ ಹಂಗೇರಿಯ ಕಡೆಯಿಂದ, ಅದೂ ವ್ಯಾಪಾರಿಗಳ ಕೈಯಿಂದ. ಪೇಟೆಯಲ್ಲಿ ಚಿನ್ನದ ಬೆಲೆ ಏರಿದರೆ ಹಳೆಯ ದರದಲ್ಲಿ ಟಂಕಸಾಲೆಗೆ ಯಾರೂ ಚಿನ್ನ ತಂದು ಹಾಕುವುದಿಲ್ಲ. ಇನ್ನೊಂದು ಕಡೆ, ನೆರೆಯವನು ಕಡಿಮೆ ಕ್ಯಾರೆಟ್ಟಿನ ನಾಣ್ಯವನ್ನು ಅದೇ ಹೆಸರಿನಲ್ಲಿ ಚಲಾವಣೆಗೆ ಬಿಟ್ಟರೆ, ನಿಮ್ಮ ಒಳ್ಳೆಯ ನಾಣ್ಯವನ್ನು ಆರಿಸಿ ಕರಗಿಸುತ್ತಾರೆ. ಹಾಗಾಗಿ ಇಳಿಸುವುದಾದರೆ ಎಲ್ಲರೂ ಒಟ್ಟಿಗೆ, ಒಂದೇ ಮಟ್ಟಕ್ಕೆ ಇಳಿಸೋಣ ಎಂಬುದೇ ಒಕ್ಕೂಟದ ನೀತಿ. ಪ್ರತಿ ಟಂಕಸಾಲೆಯಲ್ಲೂ ಪರೀಕ್ಷಕನೊಬ್ಬನಿದ್ದು, ಹೊಡೆದ ನಾಣ್ಯಗಳಿಂದ ಮಾದರಿ ತೆಗೆದು ತೂಕವನ್ನೂ ಕ್ಯಾರೆಟ್ಟನ್ನೂ ನೋಡುತ್ತಿದ್ದ.

ಒರೆಗಲ್ಲಿಗೆ ಇದರಿಂದ ಏನು ಪಾಠ ಎಂದರೆ: ನಾಣ್ಯದ ಮೇಲಿನ ಬಿಷಪ್ಪನ ಹೆಸರು ಓದಿ, ಅವನ ಕಾಲ ಗೊತ್ತುಮಾಡಿ, ಆಮೇಲೆ ಒರೆಯ ಫಲಿತವನ್ನು ಅದರ ಪಕ್ಕ ಇಟ್ಟು ನೋಡಬೇಕು. ಟ್ರಿಯರ್‌ನ ವೆರ್ನರ್ (1388–1418) ಅಥವಾ ಕೊಲೋನ್‌ನ ಫ್ರೆಡ್ರಿಕ್ (1370–1414) ಹೆಸರಿದ್ದರೆ 22–23 ಕ್ಯಾರೆಟ್ ನಿರೀಕ್ಷಿಸಬಹುದು. ವೆರ್ನರನ ಕೊನೆಯ ವರ್ಷಗಳವು 20ಕ್ಕೂ ಇಳಿಯುತ್ತವೆ. ಕೊಲೋನ್‌ನ ಡೀಟ್ರಿಖ್ (1414–1463) ನಾಣ್ಯಗಳಲ್ಲಿ ಬಹುಪಾಲು 19. ಅವನ ಹೆಸರಿನ ನಾಣ್ಯ 24 ಕ್ಯಾರೆಟ್ ತೋರಿಸಿದರೆ ಸಂತೋಷ ಪಡುವ ಬದಲು ಅನುಮಾನ ಪಡಬೇಕು. ಈಗಿನ ನಕಲುಗಾರರಿಗೆ ‘ಹಳೆಯ ಚಿನ್ನ ಎಂದರೆ ಅಪರಂಜಿ’ ಎಂಬ ನಮ್ಮ ನಂಬಿಕೆ ಚೆನ್ನಾಗಿ ಗೊತ್ತು.

ಹೆಸರು ಓದುವುದು ಅಷ್ಟು ಕಷ್ಟವಲ್ಲ, ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ ಸಾಕು. ಸಂತನಿರುವ ಮುಖದಲ್ಲಿ, ತಲೆಯ ಮೇಲಿಂದ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಓದಬೇಕು. ಮೊದಲು ಬಿಷಪ್ಪನ ಹೆಸರು ಅರ್ಧಕ್ಕೆ ತುಂಡಾಗಿ ಬರುತ್ತದೆ, ಆಮೇಲೆ ಪದವಿ ಇನ್ನೂ ತುಂಡಾಗಿ, ಕೊನೆಗೆ ಊರಿನ ಎರಡು ಮೂರು ಅಕ್ಷರ. ‘ಥಿಯೋಡಿಕ್ ಆರೆಪಿ ಕೊಲ್’ ಎಂದರೆ ಕೊಲೋನ್ ಆರ್ಚ್‌ಬಿಷಪ್ ಡೀಟ್ರಿಖ್. ‘ವೆರ್ನರ್ ಆರೆಪ್ ಟ್ರೆ’ ಎಂದರೆ ಟ್ರಿಯರ್‌ನ ವೆರ್ನರ್. ‘ಮಾಗ್’ ಎಂದಿದ್ದರೆ ಮೈಂಟ್ಸ್. ಇನ್ನೊಂದು ಮುಖದಲ್ಲಿ ‘ಮೊನೆಟಾ’ ಎಂದು ಶುರುವಾಗಿ ಟಂಕಸಾಲೆಯ ಊರು ಇರುತ್ತದೆ. ‘ಬುನೆನ್ಸ್’ ಬಾನ್, ‘ಕಾನ್‌ಫ್ಲೂಯೆಂಟ್’ ಕೋಬ್ಲೆಂಟ್ಸ್. ಇಸವಿ ಹುಡುಕಬೇಡಿ, 15ನೇ ಶತಮಾನದ ಬಹುತೇಕ ನಾಣ್ಯಗಳಲ್ಲಿ ಅದು ಇರುವುದಿಲ್ಲ. ಅಕ್ಷರಗಳು ಗುಂಡಗಿನ ಗೋಥಿಕ್ ಮಾದರಿಯವು. ಅಚ್ಚಿನಲ್ಲಿ ಅವನ್ನು ಒಂದೊಂದೇ ಉಳಿಯಿಂದ ತುಂಡುತುಂಡಾಗಿ ಒತ್ತಿರುತ್ತಾರೆ. ಹೀಗಾಗಿ ಒಂದು ನಾಣ್ಯದಲ್ಲಿ ‘ಎನ್’ ಅಕ್ಷರದ ಬಲಗಾಲು ಸ್ವಲ್ಪ ಮೋಟಾಗಿದ್ದರೆ ಅದೇ ನಾಣ್ಯದ ಇನ್ನೊಂದು ‘ಎನ್’ನಲ್ಲೂ ಹಾಗೇ ಇರಬಹುದು. ಇದು ದೋಷವಲ್ಲ, ಕೈಕೆಲಸದ ಗುರುತು.

ಹಿಂಬದಿಯ ಲಾಂಛನಗಳು ಓದಲು ಇನ್ನೂ ಸುಲಭ. ಮೂರು ಎಸಳಿನ ಚೌಕಟ್ಟಿನ ನಡುವೆ ಹೊರಡಿಸಿದವನ ಗುರಾಣಿ, ಎಸಳುಗಳಲ್ಲಿ ಒಕ್ಕೂಟದ ಪಾಲುದಾರರ ಗುರಾಣಿಗಳು. ಆರು ಕಡ್ಡಿಯ ಚಕ್ರ ಮೈಂಟ್ಸ್‌ದು. ಕರ್ಣಕರ್ಣವಾಗಿ ವಜ್ರಾಕೃತಿಯ ಚೌಕುಳಿ ಇದ್ದರೆ ಅದು ಪ್ಯಾಲಟಿನೇಟ್ ದೊರೆಯ ಬವೇರಿಯಾ ಮನೆತನದ್ದು. ಟ್ರಿಯರ್, ಕೊಲೋನ್ ಎರಡಕ್ಕೂ ಬರಿಯ ಶಿಲುಬೆ. ಧ್ವಜದಲ್ಲಿ ಒಂದು ಕೆಂಪು, ಇನ್ನೊಂದು ಕಪ್ಪು. ಚಿನ್ನದಲ್ಲಿ ಬಣ್ಣ ಎಲ್ಲಿ ಬರಬೇಕು? ಇಲ್ಲಿ ತಪ್ಪುವುದು ಸಹಜ. ಶಿಲುಬೆಯ ಜೊತೆಗಿರುವ ಮನೆತನದ ಲಾಂಛನ ನೋಡಿ ತೀರ್ಮಾನಿಸಬೇಕು: ಎರಡು ತಲೆಯ ಹದ್ದು ಫ್ರೆಡ್ರಿಕ್‌ನ ಜಾರ್‌ವೆರ್ಡನ್ ಮನೆತನದ್ದು, ಅಡ್ಡಪಟ್ಟಿ ಡೀಟ್ರಿಖ್‌ನ ಮ್ಯೋರ್ಸ್ ಮನೆತನದ್ದು.

ಇನ್ನು ತೂಕ, ಗಾತ್ರ. ಕೊಡಗಿನ ಮನೆಗಳಲ್ಲಿ ಪವನ್, ಎಂದರೆ ಇಂಗ್ಲಿಷಿನ ಸಾವರಿನ್, ಎಲ್ಲರಿಗೂ ಗೊತ್ತಿರುವ ನಾಣ್ಯವಾದ್ದರಿಂದ ಹೋಲಿಸುವುದು ಸುಲಭ. ಬ್ರಿಟಿಷ್ ಪವನ್ 7.99 ಗ್ರಾಂ, 22 ಕ್ಯಾರೆಟ್, ಅಡ್ಡಳತೆ 22 ಮಿಲಿಮೀಟರ್. ರೈನ್ ಗುಲ್ಡನ್‌ನ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ, 22ರಿಂದ 23. ತೂಕ ಮಾತ್ರ ಅರ್ಧಕ್ಕಿಂತ ಕಡಿಮೆ. ಪವನ್ ಒಂದೂವರೆ ಮಿಲಿಮೀಟರ್ ದಪ್ಪ, ಗುಲ್ಡನ್ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಬೆರಳಿಗೆ ತಗಡಿನಂತೆ ಸಿಗುತ್ತದೆ, ಒತ್ತಿದರೆ ಬಾಗುತ್ತದೆ. ‘ಇಷ್ಟು ತೆಳ್ಳಗಿದೆ, ಒತ್ತಿ ಮಾಡಿದ ಒಡವೆ ಬಿಲ್ಲೆ ಇರಬೇಕು’ ಎಂದು ಪಕ್ಕಕ್ಕಿಡುವುದಕ್ಕೆ ಇದೂ ಒಂದು ಕಾರಣ. ತೆಳ್ಳಗಿರುವುದೇ ಅದರ ಲಕ್ಷಣ. ಸವೆತ ಕಳೆದು 3.2ರಿಂದ 3.5 ಗ್ರಾಂ ಬಂದರೆ ಸರಿ. 3.2ಕ್ಕಿಂತ ಕೆಳಗೆ ಬಂದರೆ ಅಂಚು ನೋಡಿ. ಹೊರಗಿನ ಚುಕ್ಕೆಸಾಲು ಒಂದು ಕಡೆ ಪೂರ್ತಿ ಮಾಯವಾಗಿ ಅಕ್ಷರದ ತಲೆಯೇ ಹೋಗಿದ್ದರೆ ಯಾರೋ ಆ ಕಾಲದಲ್ಲೇ ಕತ್ತರಿಯಾಡಿಸಿದ್ದಾರೆ ಎಂದು ಅರ್ಥ.

ನಾಣ್ಯಕ್ಕೆ ಗೀರು ಬೀಳದ ಹಾಗೆ ಕ್ಯಾರೆಟ್ ಅಂದಾಜು ಮಾಡುವ ಉಪಾಯ ನೀರಿನ ತೂಕ. ಒಡವೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಮನೆಯಲ್ಲೇ ಮಾಡಬಹುದು. ಮೊದಲು ನಾಣ್ಯವನ್ನು ಒಣಗಿದಂತೆಯೇ ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಮುಕ್ಕಾಲು ನೀರು ತುಂಬಿದ ಸಣ್ಣ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಹಾಕಿರಬೇಕು, ಇಲ್ಲದಿದ್ದರೆ ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಳ್ಳುತ್ತದೆ. ನಾಣ್ಯವನ್ನು ಒಂದೆಳೆ ನೈಲಾನ್ ದಾರದಲ್ಲಿ ಕುಣಿಕೆ ಹಾಕಿ, ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ತಳ್ಳಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

3.45 ಗ್ರಾಂ ನಾಣ್ಯಕ್ಕೆ ಲೆಕ್ಕ ಹೇಳುವುದಾದರೆ: 19 ಕ್ಯಾರೆಟ್ ಇದ್ದರೆ ನೀರಿನ ಅಂಕಿ 0.21 ಅಥವಾ 0.22 ಬರಬೇಕು, ಸಾಂದ್ರತೆ 16ರ ಹತ್ತಿರ. ಬೆರಕೆಯಲ್ಲಿ ಬೆಳ್ಳಿ ಹೆಚ್ಚಿದ್ದರೆ 16.4ರ ಕಡೆಗೂ, ತಾಮ್ರ ಹೆಚ್ಚಿದ್ದರೆ 15.6ರ ಕಡೆಗೂ ವಾಲುತ್ತದೆ. 23 ಕ್ಯಾರೆಟ್ ಆದರೆ 0.19, ಸಾಂದ್ರತೆ ಹದಿನೆಂಟೂವರೆ. ಚಿನ್ನದ ನೀರು ಕೊಟ್ಟ ಬೆಳ್ಳಿಯಾದರೆ 0.33, ತಾಮ್ರವಾದರೆ 0.38 ದಾಟುತ್ತದೆ. ಖೋಟಾ ಬೆಳ್ಳಿ, ತಾಮ್ರಗಳನ್ನು ಹಿಡಿಯಲು ಇದು ಸಾಕೋ ಸಾಕು. ಆದರೆ 19 ಮತ್ತು 23ರ ನಡುವಿನ ಅಂತರ ಬರೀ 0.03 ಗ್ರಾಂ. ಎರಡೇ ದಶಾಂಶ ತೋರಿಸುವ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆ ಆದರೆ ಸಾಂದ್ರತೆ ಮುಕ್ಕಾಲು ಏರುಪೇರಾಗುತ್ತದೆ. ಒಂದಲ್ಲ ಐದು ಸಲ ಮಾಡಿ ಸರಾಸರಿ ತೆಗೆಯಿರಿ, ಸಾಧ್ಯವಾದರೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬಳಸಿ. ತಕ್ಕಡಿಯನ್ನೇ ಮೊದಲು ಪರೀಕ್ಷಿಸಬೇಕಾದರೆ ಕೊಂಡಿ ಹಾಕದ ಪವನ್ ಒಂದನ್ನು ಮುಳುಗಿಸಿ ನೋಡಿ, 0.45 ಬರಬೇಕು. ಫ್ಯಾನ್ ಆರಿಸಿರಬೇಕು. ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಒರೆಗಲ್ಲಿನ ಬಗ್ಗೆ ನಮ್ಮ ಅಕ್ಕಸಾಲಿಗರಿಗೆ ಹೇಳಿಕೊಡುವ ಅಗತ್ಯವಿಲ್ಲ, ಅವರ ಕಣ್ಣು ಪಳಗಿದ್ದು. ಎರಡು ಮಾತು ಮಾತ್ರ. ಒಂದು, ಈ ನಾಣ್ಯದ ಅಂಚಿನಲ್ಲಿ ಉಜ್ಜಲು ಜಾಗವೇ ಇಲ್ಲ. ಅರ್ಧ ಮಿಲಿಮೀಟರ್ ಅಂಚನ್ನು ಕಲ್ಲಿಗೆ ಎಳೆದರೆ ಚುಕ್ಕೆಸಾಲು ಹೋಗುತ್ತದೆ, ಸಂಗ್ರಾಹಕರ ಕಣ್ಣಿಗೆ ಆ ಗಾಯ ಎದ್ದು ಕಾಣುತ್ತದೆ. ಎರಡು, ಬೆಳ್ಳಿ ಬೆರೆತ 19 ಕ್ಯಾರೆಟ್ ಚಿನ್ನ ಪೇಲವವಾಗಿ, ತುಸು ಹಸಿರು ಛಾಯೆಯಲ್ಲಿ ಗೆರೆ ಬಿಡುತ್ತದೆ. ಪವನಿನ ತಾಮ್ರ ಬೆರೆತ ಕೆಂಪು ಗೆರೆಯ ಪಕ್ಕ ಅದು ಇನ್ನಷ್ಟು ಕಳಪೆಯಾಗಿ ಕಾಣುತ್ತದೆ. 18, 20, 22 ಕ್ಯಾರೆಟ್ ಒರೆಕಡ್ಡಿಗಳ ಗೆರೆಯ ಪಕ್ಕ ಹೋಲಿಸದೆ ಬರಿಗಣ್ಣಿನಲ್ಲಿ ತೀರ್ಪು ಕೊಡುವುದು ಬೇಡ.

ಹಾಲ್‌ಮಾರ್ಕ್ ಕೇಂದ್ರಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಇರುವ ಎಕ್ಸ್‌ರೇ ಕ್ಯಾರೆಟ್ ಮೀಟರ್ ಇದಕ್ಕಿಂತ ಒಳ್ಳೆಯದು, ಗೀರು ಬೀಳುವುದಿಲ್ಲ. ಅದಕ್ಕೂ ಮಿತಿ ಇದೆ. ಯಂತ್ರ ಓದುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ. ಬಿಲ್ಲೆಯನ್ನು ಕಾಯಿಸಿ ಆಮ್ಲ ಅಥವಾ ಉಪ್ಪಿನಲ್ಲಿ ತೊಳೆದಾಗ ಮೇಲಿನ ತಾಮ್ರ, ಬೆಳ್ಳಿ ಕರಗಿ ಹೊರಮೈ ಒಳಗಿಗಿಂತ ಹೆಚ್ಚು ಚಿನ್ನ ತೋರಿಸುತ್ತದೆ. ಆದ್ದರಿಂದ ಮೀಟರ್ 20 ತೋರಿಸಿ ನೀರಿನ ತೂಕ 19 ಹೇಳಿದರೆ ಗಾಬರಿ ಬೇಡ. ಕ್ಯಾರೆಟ್‌ಗಿಂತ ಮುಖ್ಯವಾಗಿ, ಅದರ ಪರದೆಯಲ್ಲಿ ಬರುವ ಉಳಿದ ಲೋಹಗಳ ಪಟ್ಟಿಯನ್ನು ಕೇಳಿ ಬರೆಸಿಕೊಳ್ಳಿ. ಬೆಳ್ಳಿ, ತಾಮ್ರ ಇರಬೇಕಾದದ್ದೇ. ಸತು ಅಥವಾ ಕ್ಯಾಡ್ಮಿಯಂ ಎದ್ದು ಕಾಣುವಷ್ಟಿದ್ದರೆ ಅದು ಈಚಿನ ಒಡವೆ ಚಿನ್ನದಿಂದ ಮಾಡಿದ್ದು, ಇಲ್ಲವೇ ನೀವು ಬೆಸುಗೆಯ ಮೇಲೆಯೇ ಯಂತ್ರವನ್ನು ಗುರಿಯಿಟ್ಟಿದ್ದೀರಿ.

ಲೋಹ ಸರಿಯಿದ್ದ ಮಾತ್ರಕ್ಕೆ ನಾಣ್ಯ ಅಸಲಿ ಎಂದಾಗುವುದಿಲ್ಲ, 19 ಕ್ಯಾರೆಟ್ ಚಿನ್ನ ಇವತ್ತೂ ಯಾರು ಬೇಕಾದರೂ ಮಾಡಬಹುದು. ಆಗ ತಯಾರಿಕೆಯ ಗುರುತುಗಳನ್ನು ನೋಡಬೇಕು. ಅಂದಿನ ಟಂಕಸಾಲೆಯಲ್ಲಿ ಬೆರಕೆ ಚಿನ್ನವನ್ನು ಸಣ್ಣ ಪಟ್ಟಿಗಳಾಗಿ ಎರೆದು, ಬಡಿದು ತಗಡು ಮಾಡಿ, ನಡುನಡುವೆ ಕಾಯಿಸಿ ಮೆತ್ತಗೆ ಮಾಡಿ, ಕತ್ತರಿಯಿಂದ ಬಿಲ್ಲೆ ಕತ್ತರಿಸಿ, ತೂಗಿ, ಹೆಚ್ಚಿದ್ದರೆ ಅಂಚು ಅರ ಹಾಕಿ ಸರಿಪಡಿಸುತ್ತಿದ್ದರು. ಕೆಳಗಿನ ಅಚ್ಚು ಮರದ ಕೊರಡಿನಲ್ಲಿ ನೆಟ್ಟಿರುತ್ತಿತ್ತು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಇದರಿಂದ ಮೂರು ಸಂಗತಿ ಸಹಜವಾಗಿ ಬರುತ್ತವೆ. ಎರಡು ಮುಖಗಳು ಒಂದಕ್ಕೊಂದು ನೇರವಾಗಿರುವುದಿಲ್ಲ. ಚಿತ್ರ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಮತ್ತು ಸಂತನ ಎದೆಯ ನೇರಕ್ಕೆ, ಹಿಂದೆ ನಡುಗುರಾಣಿ ಇರುವ ಕಡೆ, ಎರಡೂ ಮುಖ ಮಸುಕಾಗಿರುತ್ತವೆ. ಎರಡೂ ಕಡೆ ಉಬ್ಬಿರುವ ಆ ಜಾಗ ತುಂಬಲು ತೆಳು ತಗಡಿನಲ್ಲಿ ಚಿನ್ನ ಸಾಲುವುದಿಲ್ಲ. ಅಲ್ಲಿ ಮಸುಕಾಗಿದ್ದು ಅಕ್ಷರಗಳು ಚೂಪಾಗಿದ್ದರೆ ಒಳ್ಳೆಯ ಲಕ್ಷಣ.

ಎರಕ ಹೊಯ್ದ ನಕಲು ಇದಕ್ಕೆ ತದ್ವಿರುದ್ಧ. ಎಲ್ಲ ಕಡೆ ಒಂದೇ ಸಮನಾದ ಮೊಂಡುತನ, ಅಕ್ಷರಗಳ ಬುಡ ಸೋಪಿನಂತೆ ಜಾರಿದ್ದು, ಚಿತ್ರ, ಅಕ್ಷರ ಇಲ್ಲದ ಬಯಲಿನಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಅರ ಹಾಕಿ ಮುಚ್ಚಿದ ಕೂಡುಗೆರೆ. ಎರೆದ ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಚುಕ್ಕೆಸಾಲಿನ ಸುತ್ತಳತೆಯೂ ಅಸಲಿಗಿಂತ ಕೂದಲೆಳೆ ಚಿಕ್ಕದು. ಈಚೆಗೆ ಹೆಚ್ಚು ಕಾಡುವುದು ಒತ್ತುಯಂತ್ರದಲ್ಲಿ ಮಾಡಿದ ನಕಲು. ಅಕ್ಷರ ಚೂಪಾಗಿಯೇ ಬರುತ್ತದೆ. ಅದನ್ನು ಹಿಡಿಯುವ ಒಳ್ಳೆಯ ದಾರಿ ಇದು: ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಗುಳಿ, ಒಂದೇ ಸರಿದ ಅಂಚು ಕಂಡರೆ ಎರಡರಲ್ಲಿ ಒಂದಾದರೂ ನಕಲು. ಸುತ್ತಿಗೆಯಿಂದ ಹೊಡೆದ ಎರಡು ನಾಣ್ಯಗಳು, ಒಂದೇ ಅಚ್ಚಿನವಾದರೂ, ಅಷ್ಟು ಹೊಂದಿಕೊಳ್ಳುವುದಿಲ್ಲ.

ಕೊಡಗಿನಲ್ಲಿ ‘ಚರ್ಚಿನ ನಾಣ್ಯ’ ಎಂದು ಕರೆಸಿಕೊಳ್ಳುವ ಹಲವು ನಾಣ್ಯಗಳಿಗೆ ಚರ್ಚಿನ ಸಂಬಂಧವೇ ಇಲ್ಲ ಎಂಬುದನ್ನೂ ಹೇಳಬೇಕು. ಕುದುರೆ ಏರಿ ಸರ್ಪವನ್ನು ಕೊಲ್ಲುವ ಸಂತ ಜಾರ್ಜ್ ಇದ್ದರೆ ಅದು 1817ರಿಂದ ಬಂದ ಬ್ರಿಟಿಷ್ ಪವನ್. ಸಂತನೆದುರು ಮಂಡಿಯೂರಿ ಧ್ವಜ ಹಿಡಿದ ವ್ಯಕ್ತಿ, ಹಿಂದೆ ಚುಕ್ಕೆಗಳ ಅಂಡಾಕಾರದೊಳಗೆ ಕ್ರಿಸ್ತ ಇದ್ದರೆ ಅದು ವೆನಿಸ್ ಗಣರಾಜ್ಯದ ಡುಕಾಟ್, 1284ರಿಂದ ಹೊರಟದ್ದು, ಮಂಡಿಯೂರಿದವನು ಅಲ್ಲಿನ ಚುನಾಯಿತ ಅಧಿಪತಿ. ಮೆಣಸಿನ ವ್ಯಾಪಾರದಲ್ಲಿ ಇದು ನಮ್ಮ ಪಶ್ಚಿಮ ಕರಾವಳಿಗೆ ಧಾರಾಳವಾಗಿ ಬಂತು, ಅದನ್ನೇ ನೋಡಿ ಇಲ್ಲಿಯವರು ಪುತಳಿ ಬಿಲ್ಲೆ ಮಾಡಿದರು. ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿದ್ದರೆ, ತೂಕ 3.5ಕ್ಕೆ ಎಷ್ಟೋ ಕಡಿಮೆ ಇದ್ದರೆ ಅದು ಪುತಳಿ. ಸಂತ ತೋಮಸ್‌ನ ಚಿತ್ರ ಇರುವುದು 16ನೇ ಶತಮಾನದ ಗೋವಾದ ಪೋರ್ಚುಗೀಸ್ ಸರ್ಕಾರದ ನಾಣ್ಯ, ಬಿಷಪ್ಪನದಲ್ಲ. ಗೋಳದ ಮೇಲೆ ಶಿಲುಬೆ ನೆಟ್ಟ ಗುಲ್ಡನ್ ಕೂಡ ಬಿಷಪ್ಪನದಲ್ಲ, ಜರ್ಮನಿಯ ರಾಜ ಸಿಗಿಸ್ಮಂಡ್ ಫ್ರಾಂಕ್‌ಫರ್ಟ್ ಮುಂತಾದ ಕಡೆ ಹೊಡೆಸಿದ ರಾಜನಾಣ್ಯ. ಅದೂ 19 ಕ್ಯಾರೆಟ್ ಮಟ್ಟದ್ದೇ.

ಇದಕ್ಕೆ ಪ್ರತಿಯಾಗಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಆರ್ಚ್‌ಬಿಷಪ್ಪರಿಗೆ ಗಾಸ್ಟೈನ್, ರೌರಿಸ್ ಕಣಿವೆಗಳಲ್ಲಿ ಸ್ವಂತ ಗಣಿಗಳಿದ್ದವು. ಅವರ ಚಿನ್ನ ಚೊಕ್ಕದ ಹತ್ತಿರವೇ ಇರುತ್ತದೆ, 19 ಬಂದರೆ ಅಲ್ಲಿ ಅನುಮಾನಿಸಬೇಕು. ಅವರಲ್ಲಿ ಲಿಯೊನಾರ್ಡ್ (1495–1519) ಎಂಬವನ ಲಾಂಛನ ಟರ್ನಿಪ್ ಗಡ್ಡೆ. ಗುರಾಣಿಯಲ್ಲಿ ಎಲೆಸಮೇತ ಗಡ್ಡೆ ಕಂಡರೆ ಅದು ಯಾವುದೋ ತರಕಾರಿ ಮಂಡಿಯ ಟೋಕನ್ ಎಂದು ನಗಬೇಡಿ.

ಈಗ ಕೊನೆಯ, ಆದರೆ ಹೆಚ್ಚು ಹಾನಿ ಮಾಡುವ ವಿಷಯ: ಕೊಂಡಿ. ಪತ್ತಾಕ್ ಎಂಬ ಕೊಡವರ ಕೊರಳ ಒಡವೆಗೆ ಪವನ್ ಕೂರಿಸುವ ಪದ್ಧತಿ ನಮ್ಮಲ್ಲಿ ಇರುವುದರಿಂದ ದುಂಡಗಿನ ಯಾವ ಚಿನ್ನ ಸಿಕ್ಕರೂ ಬೆಸುಗೆ ಹಾಕಿಸುವ ಯೋಚನೆ ಮೊದಲು ಬರುತ್ತದೆ. ಪವನ್ ದಪ್ಪಗಿದೆ, ತಾಳುತ್ತದೆ, ಮತ್ತೂ ಸಿಗುತ್ತದೆ. ಅರ್ಧ ಮಿಲಿಮೀಟರ್ ಗುಲ್ಡನ್‌ಗೆ ಗಾಳಿಯುರಿ ತಾಗಿಸಿದರೆ ಅಂಚು ಬೇಗ ಕೆಂಪಾಗಿ, ಬೆಳ್ಳಿ ತಾಮ್ರಗಳ ಬೆರಕೆ ಕರಗುವ ಬಿಸಿಗೂ ಬೆಸುಗೆ ಕರಗುವ ಬಿಸಿಗೂ ಅಂತರ ಕಡಿಮೆಯಾದ್ದರಿಂದ ಚುಕ್ಕೆಸಾಲು ಕುಸಿಯುತ್ತದೆ. ಆಮೇಲೆ ಕೊಂಡಿ ತೆಗೆಸಿದರೂ ಆ ಮಚ್ಚೆ ಹೋಗುವುದಿಲ್ಲ. ಹಾಕಿಕೊಳ್ಳಲೇಬೇಕು ಎಂದಿದ್ದರೆ ಬೆಸುಗೆ ಇಲ್ಲದೆ ಸುತ್ತ ಹಿಡಿಯುವ ಚೌಕಟ್ಟು ಮಾಡಿಸಿ, ಹಲ್ಲುಗಳನ್ನು ಮಡಿಸಿ ಕೂರಿಸಿ. ಈಗಾಗಲೇ ಕೊಂಡಿ ಇರುವ ನಾಣ್ಯವನ್ನು ನೀರಿನಲ್ಲಿ ತೂಗಿದರೆ ಬೆಸುಗೆಯ ತೂಕವೂ ಸೇರಿ ಅಂಕಿ ಕೆಡುತ್ತದೆ, ಅದನ್ನು ನಂಬಬೇಡಿ.

ತೊಳೆಯುವುದಕ್ಕೂ ಇದೇ ಮಾತು. ಹುಣಸೆಹಣ್ಣು, ಅಂಟುವಾಳ, ಬ್ರಷ್ ಯಾವುದೂ ಬೇಡ. ನಮ್ಮ ಮಳೆಗಾಲದ ತೇವಕ್ಕೆ 19 ಕ್ಯಾರೆಟ್ ಚಿನ್ನದ ಮೇಲೆ ತಾಮ್ರದ ಕೆಂಪು ಚುಕ್ಕೆ ಬಂದರೆ ಹಾಗೇ ಬಿಡಿ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ನಾಣ್ಯ ಆಲ್ಬಂಗಳು ಬಹುಪಾಲು ಪಿವಿಸಿ. ತೇವದಲ್ಲಿ ಅದರ ಎಣ್ಣೆ ಬಿಟ್ಟುಕೊಂಡು ನಾಣ್ಯಕ್ಕೆ ಹಸಿರು ಜಿಗುಟು ಹತ್ತುತ್ತದೆ. ಹತ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಹತ್ತು ನಿಮಿಷ ನೆನೆಸಿ, ಉಜ್ಜದೆ ಆರಲು ಬಿಡಬೇಕು. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುಗಂಧ, ಎಣ್ಣೆ ಬೆರೆತಿರುತ್ತದೆ. ಗಾಜಿನ ಬಟ್ಟಲಿನಲ್ಲೇ ಮಾಡಿ, ಒಲೆಯಿಂದ ದೂರ. ಇಡುವುದಕ್ಕೆ ಒಣ ಕಾಗದದ ಲಕೋಟೆ, ಜೊತೆಗೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣ ಆಗಾಗ ಬದಲಿಸಿ.

ಇಂಥ ನಾಣ್ಯ ಹಿರಿಯರ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಅದು ನಿಮ್ಮದೇ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ಹಳೆಯ ಗೋಡೆ ಕೆಡಹುವಾಗ ಸಿಕ್ಕಿದ್ದರೆ ವಿಷಯ ಬೇರೆ: ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಎಲ್ಲಿ, ಎಷ್ಟು ಆಳದಲ್ಲಿ, ಜೊತೆಗೆ ಮಡಕೆ ಚೂರು ಇತ್ತೇ ಎಂಬುದನ್ನು ಅಂದೇ ಬರೆದಿಡಿ, ಫೋಟೊ ತೆಗೆಯಿರಿ, ಮಣ್ಣು ತೊಳೆಯಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ‘ಜರ್ಮನಿಯ ಹರಾಜಿನಲ್ಲಿ ಮಾರಿಕೊಡುತ್ತೇವೆ, ಕೊರಿಯರ್ ಮಾಡಿ’ ಎಂದು ಕೇಳುವವರಿಗೆ ನಾಣ್ಯ ಕೊಟ್ಟರೆ ಹಣವೂ ಬರುವುದಿಲ್ಲ, ಕೇಸು ನಿಮ್ಮ ಮೇಲೆ ಬರುತ್ತದೆ. ಪರಿಶೀಲನೆಗೆ ಮಡಿಕೇರಿ ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದವರನ್ನು ವಿಚಾರಿಸಬಹುದು. ಹೋಗುವಾಗ ನಾಣ್ಯದ ಎರಡೂ ಮುಖಗಳ ಫೋಟೊ, ಗ್ರಾಂನಲ್ಲಿ ತೂಕ, ಮಿಲಿಮೀಟರ್‌ನಲ್ಲಿ ಅಡ್ಡಳತೆ, ನೀರಿನ ತೂಕದ ಐದೂ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಇಂತಿ,
ಹಳೆಯ ನಾಣ್ಯಗಳಲ್ಲಿ ಆಸಕ್ತಿಯುಳ್ಳ ಓದುಗರು,
ಮಡಿಕೇರಿ, ಕೊಡಗು